ಆಪ್ಟ್ ಎಂಬ ಪ್ಯಾಕೇಜು ವ್ಯವಸ್ಥಾಪಕ: ಇತಿಹಾಸಾಭ್ಯಾಸಿಯ ದೃಷ್ಟಿಯಿಂದ ಒಂದು ವಿಮರ್ಶೆ

ಗ್ರಂಥಗಳನ್ನು ನಾವು ವಿಮರ್ಶಿಸುತ್ತೇವೆ, ಶಾಸನಪಾಠಗಳನ್ನು ತಿದ್ದುತ್ತೇವೆ; ಆದರೆ ಆ ಪಾಠ ಯಾವ ಸಾಧನದ ಮೂಲಕ ನಮ್ಮ ಕೈಗೆ ಬಂದಿತೆಂಬುದನ್ನು ಕೇಳುವ ಪದ್ಧತಿ ಇತಿಹಾಸ ವಿಭಾಗಗಳಲ್ಲಿ ಇನ್ನೂ ಬೆಳೆದಿಲ್ಲ. ಕೊಡಗಿನ ಶಾಸನಗಳನ್ನು ಬಿ. ಎಲ್. ರೈಸರು 1886ರಲ್ಲಿ ಎಪಿಗ್ರಾಫಿಯ ಕರ್ನಾಟಿಕ ಮಾಲೆಯ ಪ್ರಥಮ ಸಂಪುಟವಾಗಿ ಪ್ರಕಟಿಸಿದರು. 1914ರಲ್ಲಿ ಅದರ ಪರಿಷ್ಕರಣವೂ, 1972ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಆವೃತ್ತಿಯೂ ಹೊರಬಂದುವು. ಇಂಥ ಸಂಪುಟಗಳ ಛಾಯಾಪ್ರತಿಗಳನ್ನು ಗಣಕಯಂತ್ರದಿಂದ ಓದಿಸುವುದು ಈಗ ಸಾಧ್ಯವಾಗಿದೆ. ಡೆಬಿಯನ್ ವ್ಯವಸ್ಥೆಯಲ್ಲಿ ಆ ಕೆಲಸದ ಮೊದಲ ಹೆಜ್ಜೆ ಬೆರಳಚ್ಚಿಸಿದ ಒಂದೇ ಸಾಲು: ‘ಸುಡೊ ಆಪ್ಟ್ ಇನ್‌ಸ್ಟಾಲ್ ಟೆಸರಾಕ್ಟ್-ಓಸಿಆರ್-ಕಾನ್’. ಮೊದಲ ಪದ ಅಧಿಕಾರವನ್ನೂ, ಎರಡನೆಯದು ವ್ಯವಸ್ಥಾಪಕನನ್ನೂ, ಮೂರನೆಯದು ಆಜ್ಞೆಯನ್ನೂ, ಕಡೆಯದು ಕನ್ನಡ ಓದಲು ಬೇಕಾದ ಪ್ಯಾಕೇಜನ್ನೂ ಸೂಚಿಸುತ್ತವೆ.

ಡೆಬಿಯನ್ 1993ರಲ್ಲಿ ಆರಂಭವಾಯಿತು. ಆಪ್ಟ್ 1999ರ ಆವೃತ್ತಿಯಿಂದ ಅದರೊಡನೆ ಬರುತ್ತಿದೆ. ಇದರ ಗುಣಗಳನ್ನು ಮೊದಲು ಹೇಳುವುದು ನ್ಯಾಯ. ಒಂದು ಪ್ಯಾಕೇಜು ಬೇರೆ ಯಾವುದನ್ನು ಆಶ್ರಯಿಸಿದೆಯೆಂಬುದನ್ನು ಅದು ಮರೆಮಾಚುವುದಿಲ್ಲ. ‘ಫಾಂಟ್ಸ್-ಕೆಎನ್‌ಡಿಎ’ ಎಂದು ಕೇಳಿದರೆ ಗುಬ್ಬಿ, ನವಿಲು, ಲೋಹಿತ್ ಎಂಬ ಅಕ್ಷರವಿನ್ಯಾಸಗಳೂ ಜೊತೆಗೆ ಬರುತ್ತವೆ. ಪ್ಯಾಕೇಜುಗಳ ಪಟ್ಟಿಯ ಮೇಲಿನ ಸಹಿಯನ್ನು ಪರೀಕ್ಷಿಸದೆ ಅದು ಏನನ್ನೂ ಸುಮ್ಮನೆ ಒಳಗೊಳ್ಳುವುದಿಲ್ಲ. ತಾಮ್ರಪಟದ ಮುದ್ರೆಯನ್ನು ನೋಡುವ ನಮಗೆ ಇದು ಹೊಸತಲ್ಲ. ಮುದ್ರೆಯಂತೆಯೇ ಈ ಸಹಿಯೂ ಕಳುಹಿಸಿದವರು ಯಾರೆಂಬುದಕ್ಕೆ ಸಾಕ್ಷಿಯೇ ಹೊರತು, ಒಳಗಿರುವುದು ಸರಿಯೆಂಬುದಕ್ಕಲ್ಲ. ಕಕ್ಕಡದ ಮಳೆಯಲ್ಲಿ ವಿದ್ಯುತ್ತು ಹೋಗಿ ಕೆಲಸ ನಡುವೆ ನಿಂತರೂ ಯಾವ ಪ್ಯಾಕೇಜು ಎಷ್ಟರಮಟ್ಟಿಗೆ ಸಿದ್ಧವಾಗಿತ್ತೆಂಬುದು ಬರೆದಿಟ್ಟಿರುತ್ತದೆ. ಮುಂದೆ ಯಾವ ಆಜ್ಞೆ ಕೊಡಬೇಕೆಂಬುದನ್ನೂ ಅದೇ ತಿಳಿಸುತ್ತದೆ. ಮಡಿಕೇರಿಯ ಕಡೆಯವರು ಈ ಗುಣವನ್ನು ಬಲ್ಲರು.

ಆದರೆ ತಿಳಿಸುವುದು ಇಂಗ್ಲಿಷಿನಲ್ಲಿ. ಡೆಬಿಯನ್ನಿನ ಸ್ಥಾಪನಾ ಕಾರ್ಯಕ್ರಮ ಕನ್ನಡದಲ್ಲಿ ಮಾತನಾಡುತ್ತದೆ. ಸ್ಥಾಪನೆ ಮುಗಿದೊಡನೆ ಆಪ್ಟ್ ಆ ಭಾಷೆಯನ್ನು ಕೈಬಿಡುತ್ತದೆ. ಮರಾಠಿ, ನೇಪಾಳಿ, ಭೂತಾನದ ಜೋಂಗ್‌ಖಾ ಭಾಷೆಗಳಿಗೂ ಅದರ ಸೂಚನೆಗಳು ಅನುವಾದಗೊಂಡಿವೆ. (‘ಆಪ್ಟ್ ಮೂ’ ಎಂದರೆ ಹಸುವೊಂದರ ಚಿತ್ರವನ್ನು ಬರೆದು ತೋರಿಸುವಷ್ಟು ವಿನೋದವೂ ಅದರಲ್ಲಿದೆ!) ಅನುವಾದಿಸುವವರು ಸ್ವಯಂಸೇವಕರಾದ್ದರಿಂದ ಈ ದೋಷವನ್ನು ಆಪ್ಟಿನ ಮೇಲೆ ಹೊರಿಸುವುದು ಸರಿಯಲ್ಲ; ಅದು ನಮ್ಮದು.

ನನ್ನ ಮುಖ್ಯ ಆಕ್ಷೇಪ ಬೇರೆ. ಆಪ್ಟ್ ‘ಹಿಸ್ಟರಿ ಡಾಟ್ ಲಾಗ್’ ಎಂಬ ದಾಖಲೆಯನ್ನು ಬರೆಯುತ್ತದೆ. ಯಾವ ದಿನ, ಯಾವ ಆಜ್ಞೆಯಿಂದ, ಯಾವ ಪ್ಯಾಕೇಜಿನ ಯಾವ ಆವೃತ್ತಿ ಬಂದಿತು, ಯಾವುದು ಬದಲಾಯಿತು ಎಂಬುದೆಲ್ಲ ಅದರಲ್ಲಿದೆ. ಹೆಸರಿಗೆ ತಕ್ಕ ಇತಿಹಾಸವೇ ಸರಿ. ಆದರೆ ಡೆಬಿಯನ್ನಿನ ರೂಢಿಯ ಏರ್ಪಾಡಿನಂತೆ ಅದನ್ನು ತಿಂಗಳಿಗೊಮ್ಮೆ ಮಡಿಸಿಟ್ಟು, ಹನ್ನೆರಡು ಮಡಿಕೆಗಳಾದ ಮೇಲೆ ಹಳೆಯದನ್ನು ಅಳಿಸಲಾಗುತ್ತದೆ. ಒಂದು ಪಿಎಚ್.ಡಿ. ಪ್ರಬಂಧ ಒಂದು ವರ್ಷದಲ್ಲಿ ಮುಗಿಯುವುದುಂಟೆ?

ಇದರ ಪರಿಣಾಮ ಅಲ್ಪವಲ್ಲ. 2017ರ ಡೆಬಿಯನ್ನಿನಲ್ಲಿದ್ದ ಟೆಸರಾಕ್ಟ್ 3ನೆಯ ಶ್ರೇಣಿಯದು; 2019ರದು 4ನೆಯದು; 2023ರದು 5ನೆಯದು. 4ನೆಯ ಶ್ರೇಣಿಯಲ್ಲಿ ಅಕ್ಷರವನ್ನು ಗುರುತಿಸುವ ವಿಧಾನವೇ ಬದಲಾಯಿತು. ಬೆರಳಚ್ಚಿಸಿದ ಆಜ್ಞೆ ಮಾತ್ರ ಮೂರು ಸಲವೂ ಅದೇ. ಆದುದರಿಂದ ಶಕ 899ರ ಪೆಗ್ಗೂರು ಶಾಸನದ ಅಚ್ಚುಪಾಠವನ್ನು ಎರಡು ಕಾಲದಲ್ಲಿ ಓದಿಸಿದರೆ ಎರಡು ಪಾಠಗಳು ಬರಬಹುದು. ಹಳಗನ್ನಡದ ಱ, ೞ ಅಕ್ಷರಗಳಿರುವೆಡೆಯಂತೂ ಪ್ರತಿಯೊಂದನ್ನೂ ಅಚ್ಚಿನೊಡನೆ ಹೋಲಿಸಲೇಬೇಕು. ಓಲೆಯ ಪ್ರತಿಗಳಿಗೆ ಕ, ಖ, ಗ ಎಂದು ಸಂಕೇತವಿಟ್ಟು ಪಾಠಾಂತರ ಕೊಡುವ ನಾವೇ, ಇಲ್ಲಿ ‘ಗಣಕಯಂತ್ರದಿಂದ ಓದಿಸಲಾಗಿದೆ’ ಎಂದಷ್ಟೇ ಬರೆದು ಮುಂದೆ ಸಾಗಿದರೆ, ಲಿಪಿಕಾರನ ಹೆಸರನ್ನು ಬೇಕೆಂದೇ ಅಳಿಸಿದಂತಾಗುತ್ತದೆ.

ಪರಿಹಾರ ಕಷ್ಟವಲ್ಲ. ‘ಡಿಪಿಕೆಜಿ ಹೈಫನ್ ಎಲ್’ ಎಂಬ ಆಜ್ಞೆ ಯಂತ್ರದಲ್ಲಿರುವ ಎಲ್ಲ ಪ್ಯಾಕೇಜುಗಳನ್ನೂ ಆವೃತ್ತಿಸಮೇತ ಪಟ್ಟಿಮಾಡುತ್ತದೆ. ಆ ಪಟ್ಟಿಯನ್ನು ಪ್ರಬಂಧದ ಅನುಬಂಧದಲ್ಲಿ ಸೇರಿಸಬಹುದು. 2005ರಿಂದೀಚಿನ ಹಳೆಯ ಪ್ಯಾಕೇಜುಗಳನ್ನು ಡೆಬಿಯನ್ನಿನವರು ದಿನಾಂಕದಂತೆ ಪ್ರತ್ಯೇಕ ಭಂಡಾರದಲ್ಲಿ ಕಾಪಾಡಿದ್ದಾರೆ. ಆವೃತ್ತಿ ಗೊತ್ತಿದ್ದರೆ ಅದನ್ನೇ ತರಿಸಿ ಪಾಠವನ್ನು ಮರುಪರೀಕ್ಷಿಸಬಹುದು. ಈ ಸಂಚಿಕೆಗೆ ಲೇಖನ ಕಳುಹಿಸುವವರಿಂದ ಅಂಥ ಅನುಬಂಧವನ್ನು ಸಂಪಾದಕರು ಕೇಳಬೇಕೆಂದು ನನ್ನ ವಿನಂತಿ.