ಬೇಡವೆನ್ನಬಲ್ಲ ಅಂಗಡಿ

ನಮ್ಮ ಪಟ್ಟಣಗಳ ಬಡಾವಣೆಗಳಲ್ಲಿ ಈಚೆಗೆ ಒಂದು ಬಗೆಯ ಸಣ್ಣ ಅಂಗಡಿ ಕಾಣಿಸಿಕೊಳ್ಳುತ್ತಿದೆ. ಒಂದು ಬದಿಗೆ ಔಷಧದ ಅಂಗಡಿ, ಇನ್ನೊಂದು ಬದಿಗೆ ದರ್ಶಿನಿ. ನಡುವೆ ಹತ್ತಡಿ ಅಗಲದ ಮಳಿಗೆ. ಒಳಗೆ ಚನ್ನಪಟ್ಟಣದ ಗೊಂಬೆ, ಪಕ್ಕದ ಬೀದಿಯ ಹುಡುಗಿ ಮಾಡಿದ ಮಣ್ಣಿನ ಲೋಟ, ಕಸೂತಿ ಹಾಕಿದ ಚೀಲ, ಕಲಾಶಾಲೆಯ ತರುಣನೊಬ್ಬ ಬರೆದ ಜಲವರ್ಣದ ಚಿತ್ರ. ಬಾಗಿಲಲ್ಲಿ, ಇಲ್ಲಿಯವೆಲ್ಲ ಕೈಯಿಂದ ಮಾಡಿದವು ಎಂಬ ಫಲಕ. ಪುಸ್ತಕ ನಾಟಕಗಳ ಗುಣದೋಷ ಹೇಳುವ ಈ ಪುಟದಲ್ಲಿ ಅಂಗಡಿಗೇನು ಕೆಲಸವೆಂದು ಓದುಗರು ಕೇಳಬಹುದು. ಕೆಲಸವಿದೆ. ಇಂಥ ಅಂಗಡಿಯನ್ನು ನಡೆಸುವವರು ದಿನವೂ ಮಾಡಬೇಕಾದದ್ದು ವಿಮರ್ಶೆಯನ್ನೇ. ಅದನ್ನು ಮಾಡಲು ಹಿಂಜರಿಯುವುದರಿಂದಲೇ ಇವುಗಳಲ್ಲಿ ಎಷ್ಟೋ ಕಳೆಗುಂದಿವೆ ಎಂಬುದು ನನ್ನ ಎಣಿಕೆ.

ಕೈಯಿಂದ ಮಾಡಿದ್ದು ಎಂಬ ಮಾತು ವಸ್ತುವಿನ ಹುಟ್ಟನ್ನು ಹೇಳುತ್ತದೆಯೇ ಹೊರತು ಗುಣವನ್ನು ಹೇಳುವುದಿಲ್ಲ. ನೆಟ್ಟಗೆ ಕೂರದ ಲೋಟವನ್ನು ಯಾರ ಕೈ ಮಾಡಿದ್ದರೂ ಅದು ನೆಟ್ಟಗೆ ಕೂರದ ಲೋಟವೇ. ಸ್ವಂತ ಅನುಭವದಿಂದ ಬರೆದದ್ದೆಂಬ ಮಾತ್ರಕ್ಕೆ ಪದ್ಯ ಒಳ್ಳೆಯದಾಗುವುದಾದರೆ ನಮ್ಮ ಕವಿಗೋಷ್ಠಿಗಳು ಇಷ್ಟು ದೀರ್ಘವಾಗಿ ತೋರುತ್ತಿರಲಿಲ್ಲ. ಆದರೂ ಈ ಅಂಗಡಿಗಳಲ್ಲಿ ವಸ್ತುಗಳಿಗೆ ಕಟ್ಟಿದ ಚೀಟಿಗಳನ್ನು ಓದಿ ನೋಡಿ. ಮಾಡಿದವರ ಬಡತನ, ಕಲೆಯ ಪ್ರಾಚೀನತೆ, ಕೊಳ್ಳುವವರಿಗೆ ಬರುವ ಪುಣ್ಯ, ಎಲ್ಲವೂ ಅಲ್ಲಿರುತ್ತದೆ. ಯಾವ ಮರ, ಎಂಥ ಬಣ್ಣ, ಎಷ್ಟು ದಿನದ ಕೆಲಸ, ಒಗೆದರೆ ಏನಾಗುತ್ತದೆ ಎಂಬುದು ಮಾತ್ರ ಇರುವುದಿಲ್ಲ. ಮರುಕಪಟ್ಟು ಕೊಂಡವರು ಒಂದು ಸಲ ಕೊಳ್ಳುತ್ತಾರೆ. ವಸ್ತುವಿನ ರುಚಿ ಹತ್ತಿದವರು ಮತ್ತೆ ಬರುತ್ತಾರೆ. ಅಂಗಡಿಯ ಬಾಡಿಗೆ ಹುಟ್ಟುವುದು ಈ ಎರಡನೆಯ ಸಲದಿಂದ.

ಹಾಗಾದರೆ ನೋಡುವುದು ಹೇಗೆ? ಕಸೂತಿಯನ್ನು ತೆಗೆದುಕೊಳ್ಳೋಣ. ಧಾರವಾಡದ ಕಡೆಯ ಹೆಣ್ಣುಮಕ್ಕಳು ಬಟ್ಟೆಯ ಎಳೆಗಳನ್ನು ಎಣಿಸಿ ಎಣಿಸಿ ತೇರು, ಗೋಪುರ, ತುಳಸಿಕಟ್ಟೆಗಳನ್ನು ಹಾಕುವ ಕೆಲಸ ಇದು. ಗಂಟು ಹಾಕುವ ಹಾಗಿಲ್ಲ. ಗವಂತಿ ಮತ್ತು ಮುರಿಗಿ ಎಂಬ ಹೊಲಿಗೆಗಳಲ್ಲಿ ಬಟ್ಟೆಯ ಹಿಂಬದಿಯೂ ಮುಂಬದಿಯಂತೆಯೇ ಕಾಣಬೇಕು. ಆದ್ದರಿಂದ ಕಸೂತಿಯ ಪರೀಕ್ಷೆ ಬಟ್ಟೆಯ ಬೆನ್ನಿನಲ್ಲಿದೆ. ಗಿರಾಕಿಯೊಬ್ಬರು, “ಏನಮ್ಮಾ ಇಷ್ಟು ಬೆಲೆ? ಚಿಕ್ಕಪೇಟೆಯಲ್ಲಿ ಅರ್ಧಕ್ಕೆ ಸಿಗುತ್ತದೆ” ಎಂದಾಗ, “ಅದು ಯಂತ್ರದ್ದು ಅಮ್ಮ, ಇದನ್ನು ಮಗುಚಿ ನೋಡಿ” ಎಂದು ಹೇಳಬಲ್ಲವರು ಅಂಗಡಿಯನ್ನು ಬಲ್ಲವರು. ಚನ್ನಪಟ್ಟಣದ ಗೊಂಬೆಗೂ ಇಂಥದೇ ಗುಟ್ಟಿದೆ. ಹಗುರವಾದ ಆಲೆ ಮರವನ್ನು ಲೇತಿನಲ್ಲಿ ಕಡೆಯುತ್ತಾರೆ. ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ ತಿಕ್ಕಾಟದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಮೇಲೆ ತಾಳೆಗರಿಯಿಂದ ಉಜ್ಜಿ ಹೊಳಪು ತರುತ್ತಾರೆ. ಬಣ್ಣ ಉಂಗುರ ಉಂಗುರವಾಗಿ ಮರವನ್ನು ಸುತ್ತಿರುವುದು ಈ ಕಾರಣದಿಂದ. ಕುಂಚದಿಂದ ಪೇಂಟು ಬಳಿದ ಗೊಂಬೆಯಲ್ಲಿ ಈ ಸುತ್ತಿನ ಲಯ ಇರುವುದಿಲ್ಲ.

ಈ ಲಯವನ್ನು ಅರಿತವರಿಗೆ ಇನ್ನೊಂದು ಪ್ರಶ್ನೆಯೂ ಸುಲಭವಾಗುತ್ತದೆ. ಚನ್ನಪಟ್ಟಣದಲ್ಲಿ ಈಗ ಮಣಿಸರ, ಬಳೆ, ಪೆನ್ನು ನಿಲ್ಲಿಸುವ ಡಬ್ಬಿಗಳನ್ನೂ ಮಾಡುತ್ತಾರೆ. ಇದು ಕಲೆಯ ಪತನವೆಂದು ಕೊರಗುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಲೇತಿನ ಸ್ವಭಾವವೇ ದುಂಡಗೆ ಕಡೆಯುವುದು. ಮಣಿಯಲ್ಲಾಗಲಿ ಬಳೆಯಲ್ಲಾಗಲಿ ಆ ಸ್ವಭಾವಕ್ಕೆ ಧಕ್ಕೆಯಿಲ್ಲ. ಕೊಪ್ಪಳದ ಬಳಿಯ ಕಿನ್ನಾಳದ ಮಾತು ಬೇರೆ. ಅಲ್ಲಿಯ ಚಿತ್ರಗಾರರು ಮರದ ತುಂಡುಗಳನ್ನು ಜೋಡಿಸಿ, ಹುಣಿಸೆ ಬೀಜದ ಅಂಟಿನಿಂದ ಸಂದುಗಳನ್ನು ಮುಚ್ಚಿ, ಒಡವೆ ಕಿರೀಟಗಳನ್ನು ಉಬ್ಬಾಗಿ ಎಬ್ಬಿಸಿ, ಆಮೇಲೆ ಬಣ್ಣ ತುಂಬುತ್ತಾರೆ. ಅಲ್ಲಿಯ ಗರುಡನ ಠೀವಿ ಈ ಉಬ್ಬುತಗ್ಗುಗಳಲ್ಲಿದೆ. ಅವನನ್ನು ಎರಡಂಗುಲಕ್ಕೆ ಇಳಿಸಿ ಬೀಗದ ಕೈಗೆ ತಗುಲಿಸಿದರೆ ಉಳಿಯುವುದು ಹೆಸರು ಮಾತ್ರ. ಪೇಟೆಯ ಅಂಗಡಿಯವರು ಕುಶಲಕರ್ಮಿಗೆ, ಹೀಗೆ ಮಾಡಿಕೊಡಿ, ಇದು ಹೋಗುತ್ತದೆ ಎಂದು ಹೇಳುವುದು ತಪ್ಪಲ್ಲ. ಯಾವ ಕಸುಬಿಗೆ ಯಾವ ಮಾತು ಹೇಳಬಹುದು ಎಂಬ ವಿವೇಕ ಬೇಕು.

ಇಷ್ಟು ತಿಳಿದವರಿಗೂ ಕಷ್ಟವಾಗುವ ಸಂಗತಿಯೊಂದುಂಟು: ಬೇಡವೆನ್ನುವುದು. ಅಂಗಡಿ ತೆರೆದು ಹೆಚ್ಚು ದಿನವಾಗುವ ಮೊದಲೇ ಎದುರು ಮನೆಯವರ ಮೊಮ್ಮಗಳು ಮಾಡಿದ ಮೇಣದ ಬತ್ತಿ, ಪರಿಚಿತರ ಸೊಸೆ ಸುತ್ತಿದ ಕಾಗದದ ಓಲೆ, ನಿವೃತ್ತ ಎಂಜಿನಿಯರರ ಸೂರ್ಯಾಸ್ತದ ಚಿತ್ರ ಬಂದು ಸಾಲುಗಟ್ಟುತ್ತವೆ. “ಇಟ್ಟುಕೊಂಡಿರಿ, ಹೋದರೆ ಹೋಯಿತು, ದುಡ್ಡಿಗೇನೂ ಅವಸರವಿಲ್ಲ” ಎನ್ನುತ್ತಾರೆ. ನೆರೆಹೊರೆಯ ದಾಕ್ಷಿಣ್ಯ, ಕೈಯಿಂದ ಕಾಸು ಹೋಗುವುದೂ ಇಲ್ಲ. ವರ್ಷ ಕಳೆಯುವುದರೊಳಗೆ ಬಡುಗಳು ತುಂಬುತ್ತವೆ, ಒಳ್ಳೆಯದು ಹಿಂದೆ ಸರಿಯುತ್ತದೆ. ಬಂದ ಲೇಖನವನ್ನೆಲ್ಲ ಅಚ್ಚುಹಾಕುವ ಪತ್ರಿಕೆಯ ಗತಿ ಏನಾಗುತ್ತದೆಂದು ಓದುಗರಿಗೆ ಹೇಳಬೇಕಾಗಿಲ್ಲ.

ಮಾರಿದ ಮೇಲೆ ಹಣ ಎಂಬ ಈ ಪದ್ಧತಿಯಲ್ಲಿ ಹವ್ಯಾಸಿಗೆ ನಷ್ಟವಿಲ್ಲ. ಅದನ್ನೇ ನಂಬಿದ ಕಸುಬುದಾರನಿಗೆ ಉಂಟು. ಆರು ತಿಂಗಳು ಬಡುವಿನಲ್ಲಿ ಕುಳಿತ ಗೊಂಬೆಯಲ್ಲಿ ಅವನ ಮರದ ದುಡ್ಡೂ ಅರಗಿನ ದುಡ್ಡೂ ಕುಳಿತಿರುತ್ತದೆ. ಅಂಗಡಿಗೆ ಬಂಡವಾಳ ಒದಗಿಸುತ್ತಿರುವವನು ಅವನೇ ಎಂದಹಾಗಾಯಿತು. 300 ರೂಪಾಯಿ ಕೊಟ್ಟು ತಂದದ್ದನ್ನು 600ಕ್ಕೆ ಮಾರುವ ಅಂಗಡಿಯನ್ನು ಸುಲಿಗೆಯೆಂದು ಜರೆಯುವವರ ಮಾತಿಗೆ ನಾನು ಒಪ್ಪಲಾರೆ. ಬಾಡಿಗೆ, ವಿದ್ಯುತ್ತು, ಒಡೆದದ್ದು, ಮಾರದೆ ಉಳಿದದ್ದು ಎಲ್ಲವೂ ಆ ಮುನ್ನೂರರಲ್ಲಿ ಹೊರಡಬೇಕು. ಕಾಸು ಹಾಕದೆ, ನಷ್ಟಕ್ಕೆ ಹೆಗಲು ಕೊಡದೆ, ಅರ್ಧ ಪಾಲು ಇಟ್ಟುಕೊಳ್ಳುವುದು ಮಾತ್ರ ಆಕ್ಷೇಪಿಸತಕ್ಕದ್ದು. ಬಂಡವಾಳ ಸಾಲದವರು ಸ್ವಲ್ಪವೇ ಸಾಮಾನನ್ನು ನಗದು ಕೊಟ್ಟು ತರಲಿ. ಹಣ ಎಣಿಸಿ ಕೊಡುವಾಗ ಬಟ್ಟೆಯ ಹಿಂಬದಿಯನ್ನು ತಾನಾಗಿ ಮಗುಚಿ ನೋಡುತ್ತೇವೆ.

ಕೈಕಸುಬಿಗೆ ಪಟ್ಟಣದಲ್ಲಿ ಮಾರುಕಟ್ಟೆ ಬೇಕೆಂಬುದನ್ನು ಸ್ವತಂತ್ರ ಭಾರತಕ್ಕೆ ಮನಗಾಣಿಸಿದವರಲ್ಲಿ ಮೊದಲ ಹೆಸರು ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರದು. 1952ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಕರಕುಶಲ ಮಂಡಲಿಯನ್ನು ಅವರು ಮುನ್ನಡೆಸಿದರು. ನಮ್ಮ ರಾಜ್ಯದ ಕರಕುಶಲ ಅಭಿವೃದ್ಧಿ ನಿಗಮ 1964ರಲ್ಲಿ ಹುಟ್ಟಿತು; ಅದರ ಕಾವೇರಿ ಮಳಿಗೆಗಳನ್ನು ಎಲ್ಲರೂ ಬಲ್ಲರು. ಇವುಗಳಿಂದಾದ ಉಪಕಾರ ಸಣ್ಣದಲ್ಲ. ಆದರೆ ದೊಡ್ಡ ಮಳಿಗೆಯ ಗಾಜಿನ ಕಪಾಟಿನಲ್ಲಿ ವಸ್ತು ನಾಡಿನ ಹೆಮ್ಮೆಯಾಗುತ್ತದೆ, ಮಾಡಿದವನ ಹೆಸರು ಕಳೆದುಹೋಗುತ್ತದೆ. ಬೇರೊಂದು ದಾರಿ ತೋರಿದ್ದು ರಂಗಕರ್ಮಿ ಪ್ರಸನ್ನರು ಹೆಗ್ಗೋಡಿನ ಬಳಿ ಭೀಮನಕೋಣೆಯಲ್ಲಿ ಕಟ್ಟಿದ ಚರಕ ಮತ್ತು ಅದರ ಬಟ್ಟೆ ಮಾರುವ ದೇಸಿ ಅಂಗಡಿಗಳು. ನಮ್ಮ ಸಾಹಿತ್ಯ ಸಭೆಗಳ ಮೊದಲ ಸಾಲಿನಲ್ಲಿ ದೇಸಿ ಜುಬ್ಬಗಳನ್ನು ಎಣಿಸಬಹುದು. ನೇಯ್ದವರ ಮೇಲಿನ ಮರುಕಕ್ಕಿಂತ, ಮೈಗೆ ಹಿತವಾಗಿದೆಯೆಂದೇ ಜನ ಅದನ್ನು ತೊಟ್ಟರು. ಆದರೂ ಗುಣವೊಂದೇ ಕಾಪಾಡಲಿಲ್ಲ. ಕೈಯುತ್ಪನ್ನಗಳ ಮೇಲಿನ ತೆರಿಗೆಯನ್ನು ವಿರೋಧಿಸಿ ಪ್ರಸನ್ನರು 2017ರಲ್ಲಿ ಉಪವಾಸ ಕುಳಿತರು. 2020ರಲ್ಲಿ ಚರಕ ತಾನು ದಿವಾಳಿಯಾಗಿದ್ದೇನೆಂದು ಸಾರಬೇಕಾಯಿತು. ಒಳ್ಳೆಯ ವಸ್ತುವಿದ್ದರೆ ಸಾಕು, ಅಂಗಡಿ ತಾನಾಗಿ ನಡೆಯುತ್ತದೆ ಎನ್ನುವ ಉತ್ಸಾಹಿಗಳು ಈ ವರ್ಷಗಳನ್ನು ನೆನಪಿಡಬೇಕು.

ಬಡಾವಣೆಯ ಅಂಗಡಿಗೆ ದೊಡ್ಡ ಮಳಿಗೆಗಿಲ್ಲದ ಅನುಕೂಲವೊಂದಿದೆ. ಮಾಡಿದವರನ್ನು ಅದು ಮುಖತಃ ಬಲ್ಲದು. ಬೀದರಿನ ಷಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ, ಮನೆಯಲ್ಲಿ ಬಿದರಿಯ ಹೂದಾನಿ ಇಟ್ಟುಕೊಂಡಿದ್ದವರಲ್ಲಿ ಎಷ್ಟೋ ಮಂದಿ ಬಿದರಿ ಕೆಲಸಗಾರರೊಬ್ಬರ ಹೆಸರನ್ನು ಮೊದಲ ಬಾರಿಗೆ ಕೇಳಿದ್ದಿರಬೇಕು. ಗ್ರಂಥಕರ್ತರ ಹೆಸರಿಲ್ಲದೆ ಪುಸ್ತಕ ಮಾರುವ ಅಂಗಡಿಯನ್ನು ನಾವು ಊಹಿಸಲಾರೆವು. ಚೀಟಿಯ ಮೇಲೆ ಬಡತನದ ಕಥೆಗೆ ಕೊಟ್ಟಿರುವ ಜಾಗದಲ್ಲಿ ಮಾಡಿದವರ ಹೆಸರು, ಊರು, ಯಾವ ಮರ, ಯಾವ ಮಣ್ಣು ಎಂಬುದನ್ನು ಬರೆಯಲಿ. ಕಾರಂತರ ಹೊಸ ಕಾದಂಬರಿ ಬಂದಿದೆಯೆ ಎಂದು ನಮ್ಮ ಹಿರಿಯರು ಪುಸ್ತಕದಂಗಡಿಗೆ ಹೋಗಿ ಕೇಳುತ್ತಿದ್ದರು. ಹಾಗೆಯೇ, ಹೋದ ಸಲದ ಲೋಟ ಮಾಡಿದಾಕೆ ಈ ತಿಂಗಳು ಏನು ಕೊಟ್ಟಿದ್ದಾಳೆ ಎಂದು ಬೀದಿಯವರು ಬಂದು ವಿಚಾರಿಸಿದರೆ, ಆಕೆ ಮುಂದಿನ ಲೋಟದ ಅಡಿಯನ್ನು ಇನ್ನಷ್ಟು ನೆಟ್ಟಗೆ ಮಾಡಿಯಾಳು.