ಡಬ್ಬಾ ಟೀವಿ ಮನೆಗೆ ಎಚ್‌ಡಿ ಕ್ಯಾಮೆರಾ ಯಾಕೆ?

ಹೋದ ತಿಂಗಳು ನನ್ನ ಹೆಂಡತಿಯ ತಮ್ಮ ಮಗುವಿನ ನಾಮಕರಣಕ್ಕೆ ಅಂತ ವಿಡಿಯೋ ಕ್ಯಾಮೆರಾ ಕೊಳ್ಳೋಕೆ ಹೊರಟ. ಅಂಗಡಿಯವರು ಎಚ್‌ಡಿನೇ ತಗೊಳ್ಳಿ ಅಂದರಂತೆ. ಅಲ್ಲಿಂದಲೇ ನನಗೆ ಫೋನು. "ಭಾವ, ನಮ್ಮನೇಲಿ ಇರೋದು 21 ಇಂಚಿನ ಡಬ್ಬಾ ಟೀವಿ. ಅದರಲ್ಲಿ ನೋಡೋಕೆ ಎಚ್‌ಡಿ ಯಾಕೆ? ದುಡ್ಡು ದಂಡ ಅಲ್ವಾ?"

ಮೇಲ್ನೋಟಕ್ಕೆ ಅವನ ಲೆಕ್ಕ ಸರಿ. ಡಿವಿಡಿಯ ಚಿತ್ರ 720 × 576 ಪಿಕ್ಸೆಲ್. ಫುಲ್ ಎಚ್‌ಡಿ ಅಂದರೆ 1920 × 1080. ಗುಣಿಸಿ ನೋಡಿ, ಸರಿಯಾಗಿ ಐದು ಪಟ್ಟು. ಹಳೇ ಟೀವಿ ಆ ಐದರಲ್ಲಿ ನಾಲ್ಕು ಪಾಲನ್ನು ತೋರಿಸೋದೇ ಇಲ್ಲ. ಕಾಣದ್ದಕ್ಕೆ ಯಾಕೆ ಕಾಸು ಕೊಡಬೇಕು?

ಆದರೆ ಅವನು ಒಂದನ್ನು ಮರೆತಿದ್ದ. ಟೀವಿ ಹತ್ತು ವರ್ಷಕ್ಕೊಮ್ಮೆ ಬದಲಾಗುತ್ತೆ. ನಾಮಕರಣ ಆಗೋದು ಒಂದೇ ಸಲ.

ಅಮೆರಿಕದ 'ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಶನ್' ಧಾರಾವಾಹಿಯನ್ನೇ ನೋಡಿ. 1987ರಿಂದ 1994ರವರೆಗೆ ಬಂತು. ಆಗ ಅಲ್ಲಿನ ಮನೆಗಳ ಟೀವಿಯಲ್ಲಿ ಕಾಣುತ್ತಿದ್ದದ್ದು ಸುಮಾರು 480 ಗೆರೆ ಮಾತ್ರ. ಆದರೂ ಚಿತ್ರೀಕರಣ ಮಾಡಿದ್ದು ಸಿನಿಮಾದ 35 ಎಂಎಂ ಫಿಲ್ಮಿನಲ್ಲಿ. ಸಂಕಲನ, ಸ್ಪೆಷಲ್ ಎಫೆಕ್ಟ್ಸ್ ಜೋಡಣೆ ಮಾತ್ರ ವಿಡಿಯೋ ಟೇಪಿನಲ್ಲಿ. 2012ರಲ್ಲಿ ಬ್ಲೂ-ರೇ ಡಿಸ್ಕ್ ತರುವಾಗ ಸಿದ್ಧವಾಗಿದ್ದ ಆ ಟೇಪುಗಳು ಉಪಯೋಗಕ್ಕೆ ಬರಲಿಲ್ಲ. ಉಪಯೋಗಕ್ಕೆ ಬಂದದ್ದು ಜೋಪಾನವಾಗಿಟ್ಟಿದ್ದ ಫಿಲ್ಮಿನ ಸುರುಳಿಗಳು. ಅವನ್ನು ಮತ್ತೆ ಸ್ಕ್ಯಾನ್ ಮಾಡಿ, ಒಂದೊಂದು ಶಾಟನ್ನೂ ಹುಡುಕಿ, ಇಡೀ ಸಂಕಲನವನ್ನೇ ಮತ್ತೆ ಮಾಡಿದರು. ತೆಗೆದ ಕಾಲದ ಯಾವ ಟೀವಿಯಲ್ಲೂ ಕಾಣದಿದ್ದ ವಿವರ ಇಪ್ಪತ್ತೈದು ವರ್ಷದ ಮೇಲೆ ಕಂಡಿತು.

ಹಾಗಂತ ಸ್ಪಷ್ಟವಾಗಿದ್ದದ್ದೆಲ್ಲ ಒಳ್ಳೆಯದು ಅಂತಲ್ಲ. ಡ್ಯಾನಿ ಬಾಯ್ಲ್ 2002ರ '28 ಡೇಸ್ ಲೇಟರ್' ಸಿನಿಮಾದ ಬಹುಪಾಲನ್ನು ಕೆನಾನ್ ಎಕ್ಸ್ಎಲ್1 ಅನ್ನೋ ಮಿನಿ ಡಿವಿ ಕ್ಯಾಮೆರಾದಲ್ಲಿ ತೆಗೆದರು. ಹೆಚ್ಚುಕಡಿಮೆ ನಮ್ಮ ಮದುವೆ ವಿಡಿಯೋದವರು ಹೆಗಲ ಮೇಲಿಟ್ಟುಕೊಂಡು ಬರುತ್ತಿದ್ದ ಜಾತಿಯದೇ. ಬೆಳಗಿನ ಜಾವ ಸ್ವಲ್ಪ ಹೊತ್ತು ವಾಹನ ತಡೆದು ಖಾಲಿ ಲಂಡನ್ ತೋರಿಸಬೇಕಿತ್ತು. ಬೇಗ ಹೂಡಿ ಬೇಗ ತೆಗೆಯೋಕೆ ಸಣ್ಣ ಕ್ಯಾಮೆರಾಗಳೇ ಬೇಕಿತ್ತು. ಆ ಒರಟು, ಮಸುಕು ಚಿತ್ರದಲ್ಲಿ ಊರು ನಿಜಕ್ಕೂ ಹಾಳು ಬಿದ್ದಂತೆ ಕಾಣುತ್ತೆ. ಕೊನೆಯ ದೃಶ್ಯ ಮಾತ್ರ 35 ಎಂಎಂನಲ್ಲಿದೆ. ಅಲ್ಲಿ ಹಸಿರು ಕಣ್ಣಿಗೆ ಹೊಡೆಯುತ್ತೆ. ಇದನ್ನು ಯಾವ ಹೊಸ ಟೀವಿಯೂ ಸ್ಪಷ್ಟ ಮಾಡಲಾರದು, ಮಾಡಬೇಕಾಗೂ ಇಲ್ಲ. ಆ ಮಸುಕನ್ನು ಬಾಯ್ಲ್ ತಾವೇ ಆರಿಸಿಕೊಂಡದ್ದು.

ನಮ್ಮ ಮನೆಯ ಮಸುಕನ್ನು ನಾವು ಆರಿಸಿಕೊಂಡಿರಲಿಲ್ಲ. 2009ರಲ್ಲಿ ನನ್ನ ತಂಗಿಯ ಮದುವೆ. ಹೆಚ್ಚಿಗೆ ದುಡ್ಡು ಕೊಟ್ಟು ಎಚ್‌ಡಿಯಲ್ಲೇ ತೆಗೆಸಿದೆವು. ವಿಡಿಯೋದವರು ಎರಡು ಡಿವಿಡಿ ಕೊಟ್ಟರು. ಡಬ್ಬಾ ಟೀವಿಯಲ್ಲಿ ಹಾಕಿ ನೋಡಿ ಖುಷಿಪಟ್ಟೆವು. ಮರುವರ್ಷ ಅಪ್ಪ ತೀರಿಕೊಂಡರು. ಹೋದ ವರ್ಷ 40 ಇಂಚಿನ ಎಲ್‌ಸಿಡಿ ಬಂದಾಗ ಅಮ್ಮ ಮೊದಲು ಹಾಕಿಸಿದ್ದು ಅದೇ ಡಿವಿಡಿ. ಒದ್ದೆ ಗಾಜಿನ ಆಚೆ ನಿಂತ ಹಾಗೆ ಅಪ್ಪ. ಧಾರೆ ಎರೆಯುವಾಗ ಅವರ ಕಣ್ಣು ತುಂಬಿತ್ತು ಅಂತ ಅಮ್ಮ ಈಗಲೂ ಹೇಳ್ತಾರೆ. ಟೀವಿ ಹತ್ತಿರ ಹೋಗಿ ನೋಡಿದರು. ಕಾಣಲಿಲ್ಲ.

ಮೂಲ ಫೈಲು ಕೇಳೋಕೆ ಹೋದೆ. "ಡಿವಿಡಿ ಕೊಟ್ಟ ಮೇಲೆ ಕಾರ್ಡ್ ಖಾಲಿ ಮಾಡಿಬಿಡ್ತೀವಿ ಸಾರ್. ಇಲ್ಲದಿದ್ರೆ ಮುಂದಿನ ಮದುವೆಗೆ ಏನ್ಮಾಡೋಣ?" ಅಂದರು. ಅವರನ್ನೊಬ್ಬರನ್ನೇ ಬೈದು ಪ್ರಯೋಜನವಿಲ್ಲ. ಮೂಲ ಬೇಕು ಅಂತ ನಾವೂ ಕೇಳಿರಲಿಲ್ಲ. ಎಚ್‌ಡಿಗೆ ಕಾಸು ಕೊಟ್ಟು, ಐದರಲ್ಲಿ ನಾಲ್ಕು ಪಾಲನ್ನು ನಾವೇ ಕೈಯಾರೆ ಕಳಕೊಂಡೆವು.

ಹಾಗಾಗಿ ಮನೆಯಲ್ಲಿ ಯಾವ ಟೀವಿ ಇದೆ ಅನ್ನೋದು ಮುಖ್ಯವಲ್ಲ, ಮೂಲವನ್ನು ಇಟ್ಟುಕೊಳ್ತೀರಾ ಅನ್ನೋದು ಮುಖ್ಯ. ಸೆಕೆಂಡಿಗೆ 24 ಮೆಗಾಬಿಟ್ ಲೆಕ್ಕದಲ್ಲಿ ಒಂದು ಗಂಟೆಯ ಎಚ್‌ಡಿ ಸುಮಾರು 11 ಜಿಬಿ ತಿನ್ನುತ್ತೆ. ಸಾಮಾನ್ಯ ಡಿವಿಡಿ ಹಿಡಿಸೋದು 4.7 ಜಿಬಿ. ಅಂದರೆ ಹಾರ್ಡ್ ಡಿಸ್ಕ್ ಬೇಕು. ಒಂದು ಕೆಟ್ಟರೆ ಅಂತ ಇನ್ನೊಂದು ಬೇಕು. ಹಳೇ ಟೀವಿಯಲ್ಲೂ ಒಂದು ಲಾಭ ಇದೆ: ದೂರದಿಂದ ತೆಗೆದ ಎಚ್‌ಡಿ ಚಿತ್ರದಲ್ಲಿ ಮಗುವಿನ ಮುಖದ ಭಾಗವನ್ನಷ್ಟೇ ಕತ್ತರಿಸಿ ದೊಡ್ಡದು ಮಾಡಿದರೂ ಡಿವಿಡಿ ಮಟ್ಟಕ್ಕೆ ಸಾಕಾಗುತ್ತೆ. ಆದರೆ ಛತ್ರದ ಮಂದ ಟ್ಯೂಬ್‌ಲೈಟು, ನಡುಗುವ ಕೈ ಇವಕ್ಕೆಲ್ಲ ಎಚ್‌ಡಿ ಮದ್ದಲ್ಲ.

ಭಾವಮೈದುನನಿಗೆ ಇಷ್ಟೇ ಹೇಳಿದೆ: "ಎಚ್‌ಡಿನೇ ತಗೋ, ಜೊತೆಗೆ ಎರಡು ಹಾರ್ಡ್ ಡಿಸ್ಕ್ ತಗೋ. ಡಿಸ್ಕಿಗೆ ದುಡ್ಡಿಲ್ಲ ಅಂದ್ರೆ ಹಳೇ ಕ್ಯಾಮೆರಾನೇ ಸಾಕು." ಕ್ಯಾಮೆರಾ, ಒಂದು ಡಿಸ್ಕು ಬಂದಿದೆ. ಇನ್ನೊಂದು ಮುಂದಿನ ಸಂಬಳಕ್ಕಂತೆ. ವಾರಕ್ಕೊಮ್ಮೆ ಫೋನ್ ಮಾಡಿ ಕೇಳ್ತಾ ಇದೀನಿ.