ಅವ್ವನ ಅಗಲ ಬಾಯಿಯ ಚೀಲ

ನಮ್ಮವ್ವನಿಗೆ ಬಂಗಾರಕ್ಕಿಂತ ಚೀಲದ ಮೇಲೇ ಹೆಚ್ಚು ಪ್ರೀತಿ. ಮಕ್ತಲ್ ಸಂತೆಗೆ ಹೊರಟರೂ, ರಾಯಚೂರಿನ ಬಸ್ಸು ಹತ್ತಿದರೂ ಹೆಗಲಿಗೊಂದು ಬಟ್ಟೆ ಚೀಲ ಬೇಕೇ ಬೇಕು. ಅವಳ ಮೆಚ್ಚಿನದು ಹಳೆಯ ನಾರಾಯಣಪೇಟೆ ಸೀರೆಯಿಂದ ಹೊಲಿಸಿದ್ದು. ಚೌಕುಳಿಯ ಹತ್ತಿ ಒಡಲು ಎರಡು ಪದರದ ಚೀಲವಾಗಿದೆ. ಗಟ್ಟಿ ಅಂಚನ್ನು ಮಡಿಸಿ ಹಿಡಿಕೆ ಮಾಡಿಸಿದ್ದಾಳೆ. ಭಾರ ಬೀಳುವ ಬುಡಕ್ಕೆ ಮಾತ್ರ ಮೂರು ಸುತ್ತು ಹೊಲಿಗೆ. ಜೋಳದ ಹಿಟ್ಟು, ನೀರಿನ ಬಾಟಲಿ, ಮೊಮ್ಮಗನ ಸ್ವೆಟರ್, ಎಲ್ಲಕ್ಕೂ ಜಾಗವಿದೆ.

ಗದ್ವಾಲ್ ಸೀರೆಯನ್ನು ಮಾತ್ರ ಅವಳು ದರ್ಜಿಗೆ ಕೊಟ್ಟವಳಲ್ಲ. ಹತ್ತಿ ಒಡಲಿಗೆ ರೇಷ್ಮೆ ಅಂಚನ್ನು ಮಗ್ಗದಲ್ಲೇ ಎಳೆಗೆ ಎಳೆ ಸಿಕ್ಕಿಸಿ ಕೂಡಿಸುತ್ತಾರೆ. ಅಂಥ ಕೆಲಸಕ್ಕೆ ಕತ್ತರಿ ಹಾಕಬಾರದು ಎನ್ನುತ್ತಾಳೆ. ನಿಜ.

ಈಚೆಗೆ ಬೆನ್ನಿಗೆ ಹಾಕುವ ಬ್ಯಾಗು ಕೊಡಿಸಿದೆ. ಖಾನೆಗಳ ಜಿಪ್ಪನ್ನೆಲ್ಲ ಎಳೆದು ನೋಡಿ, "ಎರಡೂ ಕೈ ಖಾಲಿ ಉಳೀತಾವಲ್ಲೋ!" ಎಂದು ಹಿಗ್ಗಿದಳು.